ಸಂಜೆವರೆಗೂ ಐಸ್ ಉಳಿಸಿ: ಐಸ್ ಬಾಕ್ಸ್ ಹೊಣೆ ಹೊತ್ತವರಿಗೆ 16 ಸೂತ್ರಗಳು

ಕಾಲೇಜ್ ಫೆಸ್ಟ್‌ನಲ್ಲಿ ಜ್ಯೂಸ್ ಸ್ಟಾಲ್ ಹಾಕುತ್ತಿದ್ದೀರಿ. ಅಥವಾ ಟೀಮ್ ಔಟಿಂಗ್‌ಗೆ ಹೊರಟಾಗ ‘ಕೂಲ್ ಡ್ರಿಂಕ್ಸ್ ಎಲ್ಲ ನೀನೇ ನೋಡ್ಕೋ’ ಎಂದು ಮ್ಯಾನೇಜರ್ ನಿಮ್ಮ ತಲೆಗೆ ಕಟ್ಟಿದ್ದಾರೆ. ಅಥವಾ ಮನೆಯಲ್ಲೇ ಐಸ್‌ಕ್ಯಾಂಡಿ ಮಾಡಿ ಭಾನುವಾರ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಮಾರುವ ಪ್ಲಾನ್ ಇದೆ. ಮೂರರಲ್ಲೂ ನಿಮ್ಮ ಪರೀಕ್ಷೆ ನಡೆಯುವುದು ಮಧ್ಯಾಹ್ನ ಮೂರು ಗಂಟೆಗೆ, ಯಾರೋ ಬಂದು ಮುಚ್ಚಳ ಎತ್ತಿ ಒಳಗೆ ಕೈ ಹಾಕಿದಾಗ. ಐಸ್ ಇದ್ದರೆ ಮುಂದಿನ ಸಲ ಇನ್ನೂ ದೊಡ್ಡ ಕೆಲಸ ನಿಮಗೇ ಸಿಗುತ್ತದೆ. ಬರೀ ನೀರಿದ್ದರೆ ‘ಬಿಸಿಲು ಜಾಸ್ತಿ ಇತ್ತು ಸಾರ್’ ಎನ್ನುವ ಮಾತು ಬಾಯಿಗೆ ಬರುತ್ತದೆ.

ಆ ಮಾತನ್ನು ಇವತ್ತೇ ಬಿಡಿ. ಬಿಸಿಲು ಎಲ್ಲರಿಗೂ ಒಂದೇ. ಐಸ್ ಕರಗುವುದು ಹಣೆಬರಹದಿಂದಲ್ಲ, ಲೆಕ್ಕದ ಪ್ರಕಾರ. ಆ ಲೆಕ್ಕದ ಮುಕ್ಕಾಲು ಪಾಲು ಹೊರಡುವ ಹಿಂದಿನ ದಿನವೇ ಮುಗಿದಿರುತ್ತದೆ. ದುಬಾರಿ ಬಾಕ್ಸ್ ಕೊಂಡವರಲ್ಲ, ಹಿಂದಿನ ದಿನ ತಯಾರಿ ಮಾಡಿಕೊಂಡವರೇ ಇಲ್ಲಿ ಗೆಲ್ಲುವುದು.

1. ಐಸನ್ನು ಬಂಡವಾಳ ಎಂದು ನೋಡಿ

1 ಕೆ.ಜಿ. ಐಸ್ ಪೂರ್ತಿ ಕರಗಬೇಕಾದರೆ 334 ಕಿಲೋಜೂಲ್ ಶಾಖ ಬೇಕು. ಸಣ್ಣ ಮೊತ್ತವಲ್ಲ ಇದು. ಸೊನ್ನೆ ಡಿಗ್ರಿಯ 1 ಲೀಟರ್ ನೀರನ್ನು 80 ಡಿಗ್ರಿವರೆಗೆ ಕಾಯಿಸಲು ಬೇಕಾಗುವಷ್ಟೇ ಶಾಖ. ಐಸ್ ಇಷ್ಟು ಕೆಲಸಕ್ಕೆ ಬರುವುದೇ ಈ ಕಾರಣಕ್ಕೆ: ಕರಗುತ್ತಾ ಕರಗುತ್ತಾ ಅಕ್ಕಪಕ್ಕದ ಶಾಖವನ್ನೆಲ್ಲ ನುಂಗುತ್ತದೆ, ತಾನು ಮಾತ್ರ ಸೊನ್ನೆ ಡಿಗ್ರಿ ಬಿಟ್ಟು ಕದಲುವುದಿಲ್ಲ.

ನಿಮ್ಮ ಖಾತೆಯಲ್ಲಿರುವುದು ಇಷ್ಟೇ ಬಂಡವಾಳ. ಖರ್ಚಿಗೆ ಮೂರು ದಾರಿ. ಒಳಗೆ ಇಡುವ ವಸ್ತುವಿನ ಬಿಸಿ ಒಂದು, ಗೋಡೆಯ ಮೂಲಕ ನುಸುಳುವ ಶಾಖ ಇನ್ನೊಂದು, ಮುಚ್ಚಳ ತೆರೆದಾಗ ನುಗ್ಗುವ ಗಾಳಿ ಮೂರನೆಯದು. ಎಲ್ಲರೂ ಹೆದರುವುದು ಮೂರನೆಯದಕ್ಕೆ. ನಿಜವಾಗಿ ಜೇಬು ಖಾಲಿ ಮಾಡುವುದು ಮೊದಲಿನ ಎರಡು.

2. ಬೆಚ್ಚಗಿನ ಬಾಟಲಿಗೆ ಪ್ರವೇಶವಿಲ್ಲ

ಒಂದೇ ಒಂದು ಸೂತ್ರ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ಉಳಿದ ಹದಿನೈದು ಇದಕ್ಕೆ ಬೆಂಬಲ ಅಷ್ಟೆ.

ಅಂಗಡಿಯಿಂದ ತಂದ 1 ಲೀಟರ್ ನೀರಿನ ಬಾಟಲಿ 30 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಅದನ್ನು ಸೊನ್ನೆಗೆ ಇಳಿಸಲು ಸುಮಾರು 125 ಕಿಲೋಜೂಲ್ ಶಾಖ ಹೊರತೆಗೆಯಬೇಕು. ಐಸ್ ಲೆಕ್ಕದಲ್ಲಿ ಹೇಳಿದರೆ 375 ಗ್ರಾಂ. ಹತ್ತು ಬಾಟಲಿ ಇಟ್ಟರೆ ಕಾಲು ಕೆ.ಜಿ. ಕಡಿಮೆ 4 ಕೆ.ಜಿ. ಐಸ್ ಮಾಯ! ನೀವು ಮನೆ ಬಾಗಿಲು ದಾಟುವ ಮೊದಲೇ ಅರ್ಧ ಐಸ್ ಹೋಯಿತು. ಅದು ಬಿಸಿಲಿಗೆ ಕರಗಿದ್ದಲ್ಲ. ನೀವೇ ಕೈಯಾರೆ ಕರಗಿಸಿದ್ದು.

ಈಗ ಅದೇ ಹತ್ತು ಬಾಟಲಿಗಳನ್ನು ಹಿಂದಿನ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ 6 ಡಿಗ್ರಿಗೆ ಬಂದಿರುತ್ತವೆ. ಈಗ ಬಾಟಲಿಗೆ ಬೇಕಾಗುವುದು ಕೇವಲ 75 ಗ್ರಾಂ ಐಸ್, ಹತ್ತಕ್ಕೂ ಸೇರಿ ಮುಕ್ಕಾಲು ಕೆ.ಜಿ. ಒಂದು ರೂಪಾಯಿ ಖರ್ಚಿಲ್ಲದೆ 3 ಕೆ.ಜಿ. ಐಸ್ ಉಳಿಸಿದಿರಿ.

ಫ್ರಿಜ್‌ನಲ್ಲಿ ಜಾಗವಿಲ್ಲವೇ? ಪಕ್ಕದ ಮನೆಯವರನ್ನು ಕೇಳಿ. ಹಾಸ್ಟೆಲ್ ಮೆಸ್‌ನ ಅಡುಗೆಯವರನ್ನು ಕೇಳಿ. ಆಫೀಸ್ ಪ್ಯಾಂಟ್ರಿಯ ಫ್ರಿಜ್ ರಾತ್ರಿಯೆಲ್ಲ ಖಾಲಿಯೇ ಇರುತ್ತದೆ. ದಾರಿಯಲ್ಲಿ ಕೊಳ್ಳಲೇಬೇಕಾದ ಪರಿಸ್ಥಿತಿ ಬಂದರೆ ಅಂಗಡಿಯವರ ಫ್ರಿಜ್‌ನಿಂದಲೇ ತೆಗೆಸಿ, ಹೊರಗೆ ಕಟ್ಟಿಟ್ಟ ಕೇಸ್‌ನಿಂದ ಬೇಡ. ಮಜ್ಜಿಗೆ, ಮೊಸರನ್ನ, ಹಣ್ಣಿನ ಹೋಳು, ಮ್ಯಾರಿನೇಟ್ ಮಾಡಿದ ಚಿಕನ್, ಯಾವುದಕ್ಕೂ ವಿನಾಯಿತಿ ಇಲ್ಲ. ಒಲೆಯಿಂದ ಇಳಿಸಿದ ಪಲಾವನ್ನು ‘ಸ್ವಲ್ಪ ಆರಿದೆ’ ಎಂದು ಐಸ್ ಬಾಕ್ಸ್‌ಗೆ ತುಂಬುವವರು ನಮ್ಮಲ್ಲಿದ್ದಾರೆ. ಅವರ ಮಾತಿಗೆ ಮರುಳಾಗಬೇಡಿ.

3. ಬಾಕ್ಸನ್ನೂ ತಣ್ಣಗೆ ಮಾಡಿ

ವರ್ಷವಿಡೀ ಅಟ್ಟದ ಮೇಲೆ ಕೂತ ಬಾಕ್ಸ್‌ನ ಗೋಡೆಯಲ್ಲೇ ಬೇಸಿಗೆ ಕೂತಿರುತ್ತದೆ. ಹಿಂದಿನ ಸಂಜೆ ಕೆಳಗಿಳಿಸಿ. ತೊಳೆಯಿರಿ. ಮನೆಯ ತಂಪಾದ ಮೂಲೆಯಲ್ಲಿಡಿ. ಮಲಗುವ ಮುಂಚೆ ಎರಡು ಐಸ್ ಬಾಟಲಿ ಒಳಗಿಟ್ಟು ಮುಚ್ಚಿ. ಬೆಳಗ್ಗೆ ಅವನ್ನು ತೆಗೆದು ಹೊಸ ಐಸ್ ತುಂಬಿ. ಆ ಎರಡು ಬಾಟಲಿ ವ್ಯರ್ಥವಾಯಿತು ಎಂದು ಕೊರಗಬೇಡಿ. ಅವು ಕರಗಿದ್ದರಿಂದಲೇ ಹೊಸ ಐಸ್ ಉಳಿಯುವುದು.

4. ದೊಡ್ಡ ಗಡ್ಡೆ ಕಟ್ಟಿ

ಟ್ರೇ ಐಸ್ ನೋಡಲು ಚೆಂದ, ಬಾಳಿಕೆ ಇಲ್ಲ. ಕಾರಣ ಸರಳ: ಶಾಖ ಒಳನುಗ್ಗುವುದು ಮೈಯಿಂದ. 10 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಐಸ್ ಗಡ್ಡೆಯ ಮೈ 600 ಚದರ ಸೆಂ.ಮೀ. ಅದನ್ನೇ 2 ಸೆಂ.ಮೀ.ನ ಚೂರುಗಳಾಗಿ ಕತ್ತರಿಸಿ. 125 ಚೂರು ಆಯಿತು. ಒಟ್ಟು ಮೈ 3,000 ಚದರ ಸೆಂ.ಮೀ. ಐಸ್ ಅಷ್ಟೇ ಇದೆ, ಶಾಖಕ್ಕೆ ತೆರೆದ ಮೈ ಮಾತ್ರ ಐದು ಪಟ್ಟು.

ಈ ಲೆಕ್ಕವನ್ನೇ ನಂಬಿ ಸಾಮ್ರಾಜ್ಯ ಕಟ್ಟಿದವನು ಫ್ರೆಡರಿಕ್ ಟ್ಯೂಡರ್. ಅಮೆರಿಕದ ಬೋಸ್ಟನ್‌ನವನು. ಚಳಿಗಾಲದಲ್ಲಿ ಕೆರೆಗಳ ಮೇಲೆ ಕಟ್ಟುವ ಐಸನ್ನು ಕತ್ತರಿಸಿ ಸೆಕೆಯ ದೇಶಗಳಿಗೆ ಮಾರುತ್ತೇನೆ ಎಂದಾಗ ಊರೆಲ್ಲ ನಕ್ಕಿತು. 1806ರಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಕಳಿಸಿದ ಮೊದಲ ಸರಕಿನಲ್ಲಿ ನಷ್ಟವಾಯಿತು. ಮುಂದೆ ಸಾಲದಿಂದ ಜೈಲಿಗೂ ಹೋದ. ಆದರೂ ಬಿಡಲಿಲ್ಲ. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗಿಗೆ ಸುಮಾರು 180 ಟನ್ ಐಸ್ ತುಂಬಿಸಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು, ಫ್ರಿಜ್ ಎಂಬುದೇ ಇಲ್ಲದ ಕಾಲ. ಸೆಪ್ಟೆಂಬರ್‌ನಲ್ಲಿ ಹಡಗು ಬಂದು ನಿಂತಾಗ ಸುಮಾರು 100 ಟನ್ ಗಟ್ಟಿಯಾಗಿಯೇ ಉಳಿದಿತ್ತು! ದೊಡ್ಡ ಗಡ್ಡೆಗಳನ್ನು ಸಂದಿಲ್ಲದಂತೆ ಒತ್ತೊತ್ತಾಗಿ ಜೋಡಿಸಿದ್ದು, ಸುತ್ತ ಶಾಖ ತಡೆಯುವ ಹೊದಿಕೆ ಹಾಕಿದ್ದು, ಇಷ್ಟೇ ಅವನ ಟೆಕ್ನಾಲಜಿ. ಚೆನ್ನೈನ ಮರೀನಾ ಬೀಚ್ ಎದುರು ಇವತ್ತಿಗೂ ‘ಐಸ್ ಹೌಸ್’ ನಿಂತಿದೆ. ಟ್ಯೂಡರ್‌ನ ಐಸ್ ದಾಸ್ತಾನಿಗೆ ಕಟ್ಟಿದ ಕಟ್ಟಡ ಅದು, 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಈಗ ಅದು ವಿವೇಕಾನಂದರ್ ಇಲ್ಲಂ.

ನಿಮಗೆ ಹಡಗು ಬೇಡ. 2 ಲೀಟರ್ ಸಾಫ್ಟ್ ಡ್ರಿಂಕ್ ಬಾಟಲಿ ಸಾಕು, ಖಾಲಿ ಐಸ್‌ಕ್ರೀಮ್ ಡಬ್ಬಿಯೂ ನಡೆಯುತ್ತದೆ. ಕುಡಿಯುವ ನೀರನ್ನೇ ತುಂಬಿ, ಕರಗಿದ ಮೇಲೆ ಕುಡಿಯಬಹುದು. ಕತ್ತಿನವರೆಗೆ ತುಂಬಬೇಡಿ. ನೀರು ಐಸ್ ಆಗುವಾಗ ಗಾತ್ರ ಸುಮಾರು 9% ಹಿಗ್ಗುತ್ತದೆ, ಬಾಟಲಿ ಒಡೆಯುತ್ತದೆ. ಗಾಜಿನದಂತೂ ಮುಟ್ಟಲೇಬೇಡಿ.

ಟ್ರೇ ಐಸ್ ಸಂಪೂರ್ಣ ನಿಷಿದ್ಧ ಎಂದಲ್ಲ. ಬೇಗ ಕರಗುವುದು ಎಂದರೆ ಬೇಗ ತಂಪು ಮಾಡುವುದು. ಗಡ್ಡೆ ದಿನವಿಡೀ ಕಾಯಲಿ, ಚೂರು ಸಂದುಗಳನ್ನು ತುಂಬಲಿ.

5. ಎರಡು ದಿನ ಮೊದಲೇ ಫ್ರೀಜರ್ ಹತ್ತಿರ ಹೋಗಿ

ರಾತ್ರಿ ಹತ್ತಕ್ಕೆ ಬಾಟಲಿ ಇಟ್ಟು ಬೆಳಗ್ಗೆ ಐದಕ್ಕೆ ತೆಗೆದರೆ ಹೊರಗೆ ಐಸ್, ನಡುವೆ ನೀರು. ನೀರನ್ನು ಹೆಪ್ಪುಗಟ್ಟಿಸಲೂ ಕೆ.ಜಿ.ಗೆ ಅದೇ 334 ಕಿಲೋಜೂಲ್ ಹೊರತೆಗೆಯಬೇಕು, ಮನೆಯ ಫ್ರೀಜರ್‌ಗೆ ಅಷ್ಟು ಅವಸರದ ಶಕ್ತಿ ಇರುವುದಿಲ್ಲ. ಒಮ್ಮೆಗೇ ಐದಾರು ಬಾಟಲಿ ತುರುಕಿದರಂತೂ ಒಂದು ರಾತ್ರಿ ಖಂಡಿತ ಸಾಲದು. ದಿನಕ್ಕೆ ಎರಡು ಮೂರರಂತೆ ಇಡಿ. ಕರೆಂಟ್ ಹೋಗುವ ಊರಾದರೆ ಇನ್ನೊಂದು ದಿನ ಸೇರಿಸಿ.

ಹೆಪ್ಪುಗಟ್ಟಿದ ತಕ್ಷಣ ತೆಗೆಯಬೇಡಿ. ಮೈನಸ್ 18 ಡಿಗ್ರಿಗೆ ಇಳಿದ ಐಸ್, ಸೊನ್ನೆಗೆ ಬರುವುದರೊಳಗೇ ಕೆ.ಜಿ.ಗೆ 38 ಕಿಲೋಜೂಲ್ ಹೆಚ್ಚುವರಿ ಶಾಖ ನುಂಗುತ್ತದೆ. ಬಂಡವಾಳದ ಮೇಲೆ ಶೇಕಡಾ 11ರ ಬೋನಸ್!

6. ಬ್ರ್ಯಾಂಡ್ ನೋಡಬೇಡಿ, ಗೋಡೆಯ ದಪ್ಪ ನೋಡಿ

ಗೋಡೆಗೂ ಲೆಕ್ಕ ಹಾಕಿ. 50 ಲೀಟರ್ ಆಸುಪಾಸಿನ ಬಾಕ್ಸ್‌ನ ಹೊರಮೈ ಸುಮಾರು 1 ಚದರ ಮೀಟರ್. ಗೋಡೆ 3 ಸೆಂ.ಮೀ. ಥರ್ಮಾಕೋಲ್. ಒಳಗೂ ಹೊರಗೂ 30 ಡಿಗ್ರಿ ವ್ಯತ್ಯಾಸ. ಆಗ ಗೋಡೆಯ ಮೂಲಕ ನುಸುಳುವ ಶಾಖ ಸುಮಾರು 35 ವ್ಯಾಟ್. ಗಂಟೆಗೆ ಹತ್ತಿರ ಹತ್ತಿರ 375 ಗ್ರಾಂ ಐಸ್ ಖರ್ಚು. ಈ ಅಂಕಿ ಎಲ್ಲೋ ಕೇಳಿದಂತಿದೆ ಅಲ್ಲವೇ? ಹೌದು, ಗಂಟೆಗೊಂದು ಬೆಚ್ಚಗಿನ ಬಾಟಲಿಯನ್ನು ಯಾರೋ ಕಳ್ಳತನದಲ್ಲಿ ಒಳಗೆ ಇಟ್ಟು ಹೋದಷ್ಟೇ. ದಿನಪೂರ್ತಿ ಬಿಟ್ಟರೆ 9 ಕೆ.ಜಿ.

ಗೋಡೆಯ ದಪ್ಪ ಎರಡರಷ್ಟಾದರೆ ನಷ್ಟ ಅರ್ಧವಾಗುತ್ತದೆ. ಅದಕ್ಕೇ ಪಾಲಿಯುರೆಥೇನ್ ಫೋಮ್ ತುಂಬಿದ ದಪ್ಪ ಗೋಡೆಯ ಬಾಕ್ಸ್‌ಗಳು ದುಬಾರಿ. ಅಷ್ಟೇ ದಪ್ಪದಲ್ಲಿ ಅವು ಥರ್ಮಾಕೋಲ್‌ಗಿಂತ ಹೆಚ್ಚು ಶಾಖ ತಡೆಯುತ್ತವೆ. ದುಡ್ಡಿದ್ದರೆ ಕೊಳ್ಳಿ. ಇಲ್ಲವಾದರೆ ಮೀನು ಮಾರ್ಕೆಟ್‌ನಲ್ಲೋ ಔಷಧಿ ಹೋಲ್‌ಸೇಲ್ ಅಂಗಡಿಯಲ್ಲೋ ಥರ್ಮಾಕೋಲ್ ಬಾಕ್ಸ್ ಸಿಗುತ್ತದೆ. ಚಿಕ್ಕದೊಂದು, ದೊಡ್ಡದೊಂದು ತನ್ನಿ. ಒಂದರೊಳಗೆ ಒಂದನ್ನು ಕೂರಿಸಿ, ನಡುವಿನ ಸಂದಿಗೆ ಹಳೇ ಪೇಪರ್ ತುರುಕಿ. ಸಾವಿರಾರು ರೂಪಾಯಿಯ ಬಾಕ್ಸ್‌ಗೆ ಸ್ಪರ್ಧೆ ಕೊಡುತ್ತದೆ.

ಪ್ಲಾಸ್ಟಿಕ್ ಬಾಕ್ಸ್ ಕೊಳ್ಳುವಾಗ ಮುಚ್ಚಳವನ್ನು ಬೆರಳಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಫೋಮ್ ಇಲ್ಲ. ಕಡಿಮೆ ಬೆಲೆಯ ಬಾಕ್ಸ್‌ಗಳಲ್ಲಿ ಕಂಪನಿಗಳು ಉಳಿತಾಯ ಮಾಡುವುದೇ ಮುಚ್ಚಳದಲ್ಲಿ. ಕೊಂಡಾಗಿದ್ದರೆ ಚಿಂತೆ ಬೇಡ, ಥರ್ಮಾಕೋಲ್ ಹಾಳೆಯನ್ನು ಒಳ ಅಳತೆಗೆ ಕತ್ತರಿಸಿ ಐಸ್ ಮೇಲೆಯೇ ಒಂದು ಒಳಮುಚ್ಚಳ ಹಾಕಿ.

7. ಸಂದು ಮುಚ್ಚಿ

ಮುಚ್ಚಳದ ಅಂಚಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿಯೂ ಸಲೀಸಾಗಿ ಓಡಾಡುತ್ತಿದೆ. ಕಿಟಕಿಗೆ ಅಂಟಿಸುವ ಫೋಮ್ ಟೇಪ್ ತಂದು ಅಂಚಿಗೆ ಅಂಟಿಸಿ. ಥರ್ಮಾಕೋಲ್ ಬಾಕ್ಸ್ ಆದರೆ ಸುತ್ತಲೂ ಪ್ಯಾಕಿಂಗ್ ಟೇಪ್ ಸುತ್ತಿ. ನೀರು ಹೊರಹೋಗುವ ಕೆಳಗಿನ ಬಿರಡೆ ಸಡಿಲವಾಗಿದೆಯೇ ಎಂದು ನೋಡಿ. ತಣ್ಣನೆ ಗಾಳಿ ಭಾರ, ಕೆಳಗಿನ ತೂತಿನಿಂದಲೇ ಮೊದಲು ಸೋರುವುದು.

8. ಖಾಲಿ ಜಾಗ ಬಿಡಬೇಡಿ

ಅರ್ಧ ತುಂಬಿದ ದೊಡ್ಡ ಬಾಕ್ಸ್‌ಗಿಂತ ಪೂರ್ತಿ ತುಂಬಿದ ಸಣ್ಣ ಬಾಕ್ಸ್ ಲೇಸು. ಸಣ್ಣದಕ್ಕೆ ಗೋಡೆಯ ಮೈ ಕಡಿಮೆ, ಮುಚ್ಚಳ ತೆರೆದಾಗ ಬದಲಾಗುವ ಗಾಳಿಯೂ ಕಡಿಮೆ. ದೊಡ್ಡದೇ ಇರುವುದಾದರೆ ಮೇಲಿನ ಖಾಲಿ ಜಾಗಕ್ಕೆ ದಪ್ಪ ಟವೆಲ್ ಮಡಚಿಡಿ.

9. ಬೇಕಾಗುವ ಕ್ರಮದಲ್ಲಿ ಜೋಡಿಸಿ

ಕೊನೆಗೆ ಬೇಕಾದದ್ದು ತಳಕ್ಕೆ. ಮೊದಲು ಬೇಕಾದದ್ದು ಮೇಲಕ್ಕೆ. ಗಡ್ಡೆಗಳಲ್ಲಿ ಕೆಲವನ್ನು ತಳದಲ್ಲಿಡಿ, ಕೆಲವನ್ನು ಮೇಲೆ. ತಂಪು ಗಾಳಿ ಕೆಳಗಿಳಿಯುತ್ತದೆ, ಹಾಗಾಗಿ ಎಲ್ಲ ಐಸನ್ನೂ ತಳಕ್ಕೆ ಹಾಕಿದರೆ ಮೇಲಿನ ಸಾಲಿಗೆ ತಂಪು ಮುಟ್ಟುವುದು ನಿಧಾನ. ಏನು ಎಲ್ಲಿದೆ ಎಂದು ಒಂದು ಚೀಟಿ ಬರೆದು ಮುಚ್ಚಳಕ್ಕೆ ಅಂಟಿಸಿ. ಮಾವಿನ ಜ್ಯೂಸ್ ಎಲ್ಲಿ ಎಂದು ಮುಚ್ಚಳ ತೆರೆದಿಟ್ಟು ಎರಡು ನಿಮಿಷ ತಡಕಾಡುವುದು ತಪ್ಪುತ್ತದೆ.

10. ಎರಡು ಬಾಕ್ಸ್ ಒಯ್ಯಿರಿ

ಕುಡಿಯುವುದಕ್ಕೆ ಒಂದು, ತಿನ್ನುವುದಕ್ಕೆ ಒಂದು. ಡ್ರಿಂಕ್ಸ್ ಬಾಕ್ಸ್‌ಗೆ ಎಲ್ಲರ ಕೈಯೂ ಬೀಳುತ್ತದೆ, ತಡೆಯಲಾಗದು. ಕೆಟ್ಟುಹೋಗಬಹುದಾದ ಆಹಾರವನ್ನು ಆ ಸಂತೆಯಲ್ಲಿಡಬೇಡಿ. ಚಿಕನ್, ಪನೀರ್, ಕ್ರೀಮ್ ಹಾಕಿದ ಸ್ವೀಟ್, ಇವು 5 ಡಿಗ್ರಿಗಿಂತ ಕೆಳಗೇ ಇರಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಣ್ಣ ಡಿಜಿಟಲ್ ಥರ್ಮಾಮೀಟರ್ ಹಾಕಿಡಿ. ‘ಮುಟ್ಟಿದರೆ ತಣ್ಣಗಿದೆ’ ಎನ್ನುವುದು ಅಳತೆಯಲ್ಲ.

ಗ್ಲಾಸಿಗೆ ಹಾಕುವ ಐಸ್‌ಗೆ ಮೂರನೆಯ ಡಬ್ಬಿ ಬೇಕು. ಹತ್ತು ಜನರ ಕೈ ಅದ್ದಿದ ಐಸನ್ನು ಅತಿಥಿಯ ಜ್ಯೂಸ್‌ಗೆ ಹಾಕಬೇಡಿ. ಮೀನಿಗೆಂದು ಮಾಡಿದ ಫ್ಯಾಕ್ಟರಿ ಐಸನ್ನು ಬಾಟಲಿಯ ಹೊರಗೆ ತಂಪಿಗಷ್ಟೇ ಬಳಸಿ, ಗ್ಲಾಸಿಗೆ ಎಂದೂ ಬೇಡ.

11. ಅನುಮಾನದಿಂದ ಮುಚ್ಚಳ ಎತ್ತಬೇಡಿ

‘ಐಸ್ ಇದೆಯೋ ಇಲ್ಲವೋ ನೋಡೋಣ’ ಎಂದು ಅರ್ಧ ಗಂಟೆಗೊಮ್ಮೆ ಎತ್ತಿ ನೋಡುವುದು ಒಂದು ಚಟ. ಹಿಂದಿನ ದಿನ ಸರಿಯಾಗಿ ತಯಾರಿ ಮಾಡಿದವರಿಗೆ ನೋಡುವ ಅಗತ್ಯವೇ ಇಲ್ಲ. ಮಾಡದವರಿಗೆ ನೋಡಿದರೂ ಪ್ರಯೋಜನವಿಲ್ಲ.

ಹಾಗೆಂದು ಮುಚ್ಚಳದ ಬಗ್ಗೆ ಭೂತ ಕಂಡಂತೆ ಹೆದರಲೂ ಬೇಡಿ. ಇಲ್ಲೂ ಲೆಕ್ಕ ಹಾಕಿ. ಒಮ್ಮೆ ತೆರೆದು ತಕ್ಷಣ ಮುಚ್ಚಿದರೆ ಒಳಗಿನ ತಂಪು ಗಾಳಿ ಹೋಗಿ ಬಿಸಿ ಗಾಳಿ ಬರುತ್ತದೆ. ಅಷ್ಟು ಗಾಳಿಯ ತೂಕ ತೀರಾ ಕಡಿಮೆ, ಆದ್ದರಿಂದ ಅದು ಹೊತ್ತು ತರುವ ಶಾಖವೂ ಅಲ್ಪ. ಕರಗುವುದು ಸುಮಾರು 10 ಗ್ರಾಂ ಐಸ್. ಒಂದು ಬೆಚ್ಚಗಿನ ಬಾಟಲಿ ಒಳಗಿಟ್ಟರೆ ಆಗುವ ನಷ್ಟ ಮೂವತ್ತೇಳು ಸಲ ಮುಚ್ಚಳ ತೆರೆದದ್ದಕ್ಕೆ ಸಮ! ಆದರೆ ತೆರೆದಿಟ್ಟು ಮಾತಾಡುತ್ತಾ ನಿಂತರೆ ಈ ಲೆಕ್ಕ ನಡೆಯುವುದಿಲ್ಲ, ಗಾಳಿ ಒಂದೇ ಸಮನೆ ಬದಲಾಗುತ್ತಲೇ ಇರುತ್ತದೆ.

ಕರಾವಳಿಯವರು ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಿ. ಮಂಗಳೂರು, ಕಾರವಾರದ ಗಾಳಿಯಲ್ಲಿ ನೀರಿನ ಆವಿ ಹೆಚ್ಚು. ಆ ಆವಿ ಐಸ್ ಮೇಲೆ ಹನಿಯಾಗುವಾಗ ತನ್ನಲ್ಲಿದ್ದ ಶಾಖವನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. 1 ಗ್ರಾಂ ಆವಿ ಹನಿಯಾದರೆ ಏಳು ಗ್ರಾಂಗೂ ಹೆಚ್ಚು ಐಸ್ ಕರಗುತ್ತದೆ. ಐಸ್ ಕರಗಿಸುವ ವಿಷಯದಲ್ಲಿ ಬರೀ ಬಿಸಿ ಗಾಳಿಗಿಂತ ಬಿಸಿ ಒದ್ದೆ ಗಾಳಿ ಕೆಟ್ಟದ್ದು.

ಟೀಮ್ ದೊಡ್ಡದಾದರೆ ಮುಚ್ಚಳಕ್ಕೆ ಒಬ್ಬರನ್ನೇ ನೇಮಿಸಿ. ಕೇಳಿದವರಿಗೆ ಅವರೇ ತೆಗೆದುಕೊಡಲಿ.

12. ಕರಗಿದ ನೀರನ್ನು ಚೆಲ್ಲಬೇಡಿ, ಮೀನಿದ್ದರೆ ಚೆಲ್ಲಿ

ತಳದಲ್ಲಿ ನೀರು ಕಂಡೊಡನೆ ಚೆಲ್ಲಲು ಕೈ ಹೋಗುತ್ತದೆ. ತಡೆಯಿರಿ. ಆ ನೀರು ಇನ್ನೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದೆ. ಚೆಲ್ಲಿದರೆ ಅದರ ಜಾಗಕ್ಕೆ ಬರುವುದು ಹೊರಗಿನ ಬಿಸಿ ಗಾಳಿ. ಬಾಟಲಿಯನ್ನು ಆ ನೀರಿನಲ್ಲೇ ಮುಳುಗಿಸಿಡಿ. ಬರೀ ಐಸ್ ಚೂರುಗಳ ನಡುವೆ ಇಟ್ಟದ್ದಕ್ಕಿಂತ ಬೇಗ ತಣ್ಣಗಾಗುತ್ತದೆ, ಏಕೆಂದರೆ ನೀರು ಸುತ್ತಲಿಂದ ಅಪ್ಪುತ್ತದೆ. ಹೊಸ ಐಸ್ ತುಂಬಲು ಜಾಗ ಬೇಕಾದಾಗ ಮಾತ್ರ ಚೆಲ್ಲಿ.

ಮಲ್ಪೆಯಿಂದ ಮೀನು ಕಟ್ಟಿಸಿಕೊಂಡು ಬೆಂಗಳೂರಿಗೆ ಹೊರಟವರಿಗೆ ನಿಯಮ ತಲೆಕೆಳಗು. ಅಲ್ಲಿ ನಿಮ್ಮ ಗುರಿ ಐಸ್ ಅಲ್ಲ, ಮೀನು. ಕರಗಿದ ನೀರಿನ ಜೊತೆ ರಕ್ತ, ಲೋಳೆ ಸೇರುತ್ತದೆ, ಮೀನು ಅದರಲ್ಲಿ ನೆನೆದರೆ ಕೆಡುತ್ತದೆ. ನೀರು ಹರಿದುಹೋಗಲು ಬಿಡಿ. ಗಡ್ಡೆಯೂ ಇಲ್ಲಿ ಬೇಡ, ಪುಡಿ ಐಸೇ ಬೇಕು, ಮೀನಿನ ಮೈಗೆ ಎಲ್ಲ ಕಡೆ ತಾಗುವುದು ಅದೇ. ಒಂದು ಪದರ ಐಸ್, ಒಂದು ಪದರ ಮೀನು, ಮತ್ತೆ ಐಸ್. ನಮ್ಮ ಸೆಕೆಗೆ ಮೀನಿನ ತೂಕದಷ್ಟೇ ಐಸ್ ಹಾಕಿಸಿ. ಐಸ್ ಜಾಸ್ತಿಯಾಯಿತು ಎಂದು ಅಂಗಡಿಯವರ ಜೊತೆ ಚೌಕಾಸಿ ಮಾಡಬೇಡಿ.

13. ನೆರಳನ್ನು ಬುಕ್ ಮಾಡಿ

ಜಾಗಕ್ಕೆ ತಲುಪಿದ ತಕ್ಷಣ ಸೆಲ್ಫಿ ಬೇಡ. ಮೊದಲು ನೆರಳು ಹುಡುಕಿ. ಮಧ್ಯಾಹ್ನ ಮೂರಕ್ಕೂ ನೆರಳಾಗಿಯೇ ಇರುವ ಜಾಗ ಆರಿಸಿ, ಬೆಳಗ್ಗೆ ಹತ್ತರ ನೆರಳನ್ನು ನಂಬಬೇಡಿ. ನೆತ್ತಿಯ ಬಿಸಿಲು ಚದರ ಮೀಟರ್‌ಗೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಕಾದ ಮುಚ್ಚಳ 60 ಡಿಗ್ರಿ ಮುಟ್ಟಿದರೆ ಆ ಕಡೆಯಿಂದ ನುಗ್ಗುವ ಶಾಖ 30 ಡಿಗ್ರಿಯಲ್ಲಿದ್ದಾಗಿನ ಎರಡರಷ್ಟು. ಬಿಳಿ ಬೆಡ್‌ಶೀಟ್ ಹೊದಿಸಿ. ಕಾದ ಸಿಮೆಂಟ್ ನೆಲದ ಮೇಲೆ ನೇರ ಇಡಬೇಡಿ, ಎರಡು ಇಟ್ಟಿಗೆಯ ಮೇಲೋ ಹಲಗೆಯ ಮೇಲೋ ಕೂರಿಸಿ. ಪ್ರಯಾಣದಲ್ಲಿ ಡಿಕ್ಕಿಗಿಂತ ಎಸಿ ಹಾಕಿದ ಸೀಟಿನ ಜಾಗ ಒಳ್ಳೆಯದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಮಾಮೂಲು, ಊಟಕ್ಕೆ ಇಳಿದಾಗ ಬಾಕ್ಸನ್ನೂ ಇಳಿಸಿ.

ಕಲಬುರಗಿ, ರಾಯಚೂರಿನವರಿಗೆ ಇಲ್ಲೊಂದು ಅನುಕೂಲವಿದೆ. ಗೋಣಿಚೀಲ ಒದ್ದೆ ಮಾಡಿ ಬಾಕ್ಸ್ ಮೇಲೆ ಹೊದಿಸಿ, ಗಾಳಿಯಾಡುವ ನೆರಳಲ್ಲಿಡಿ. ಒಣ ಗಾಳಿಗೆ ನೀರು ಆರುತ್ತಾ ಬಾಕ್ಸ್‌ನ ಹೊರಮೈಯನ್ನು ಸುತ್ತಲ ಗಾಳಿಗಿಂತ ತಂಪಾಗಿಸುತ್ತದೆ. ಆಗಾಗ ನೀರು ಚಿಮುಕಿಸಿ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಗೋಣಿ ಬೇಗ ಆರುವುದಿಲ್ಲ, ಈ ಟ್ರಿಕ್ ಅಲ್ಲಿ ಅಷ್ಟಕ್ಕಷ್ಟೆ.

14. ಉಪ್ಪು ಹಾಕುವ ಮುನ್ನ ಗುರಿ ಕೇಳಿಕೊಳ್ಳಿ

‘ಉಪ್ಪು ಹಾಕಿದರೆ ಐಸ್ ಜಾಸ್ತಿ ಹೊತ್ತು ಇರುತ್ತೆ’ ಎಂದು ಒಬ್ಬರಾದರೂ ಹೇಳುತ್ತಾರೆ. ಸುಳ್ಳು. ಉಪ್ಪು ಬಿದ್ದರೆ ಐಸ್ ಬೇಗ ಕರಗುತ್ತದೆ. ಆದರೆ ಕರಗುವಾಗ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ಕೊಡುತ್ತದೆ, ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮೈನಸ್ 20ರ ಹತ್ತಿರಕ್ಕೂ ಇಳಿಯುತ್ತದೆ. ಕುಲ್ಫಿ ಗಾಡಿಯವರು ಮಡಕೆಯ ಸುತ್ತ ಐಸ್ ಜೊತೆ ಉಪ್ಪು ಹಾಕುವುದು ಈ ಚಳಿಗಾಗಿ.

ಐಸ್‌ಕ್ಯಾಂಡಿ ಮಾರುವವರು ಈ ಪ್ಯಾರಾ ಎರಡು ಸಲ ಓದಿ. ಬರೀ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗಿನ ತಂಪನ್ನು ಹೆಚ್ಚು ಹೊತ್ತು ಕೊಡಲಾರದು. ಸಕ್ಕರೆ ಬೆರೆತ ಐಸ್‌ಕ್ಯಾಂಡಿ, ಐಸ್‌ಕ್ರೀಮ್ ಸೊನ್ನೆಗೆ ಮೊದಲೇ ಮೆತ್ತಗಾಗುತ್ತವೆ. ಎಷ್ಟೇ ಐಸ್ ತುಂಬಿದರೂ ಕಡ್ಡಿ ನಿಮ್ಮ ಕೈಗೆ, ಕ್ಯಾಂಡಿ ಬಾಕ್ಸ್‌ಗೆ. ನಿಮಗೆ ಐಸ್ ಮತ್ತು ಉಪ್ಪಿನ ಮಿಶ್ರಣ ಬೇಕು, ಇಲ್ಲವೇ ಡ್ರೈ ಐಸ್. ಡ್ರೈ ಐಸ್ ಎಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ. ಗಾಳಿಯಾಡದಂತೆ ಸೀಲ್ ಮಾಡಬೇಡಿ, ಅನಿಲ ಹಿಗ್ಗಿ ಡಬ್ಬಿ ಸಿಡಿಯಬಹುದು. ಗಾಜು ಏರಿಸಿದ ಕಾರಿನಲ್ಲಿ ಒಯ್ಯಬೇಡಿ, ಉಸಿರು ಕಟ್ಟುತ್ತದೆ. ಈ ಮೂರೂ ಪಾಲಿಸಲು ಆಗದಿದ್ದರೆ ಡ್ರೈ ಐಸ್ ಸಹವಾಸ ಬೇಡ, ಉಪ್ಪೇ ಸಾಕು.

ಜೆಲ್ ಪ್ಯಾಕ್ ಬಗ್ಗೆ ಒಂದೇ ಮಾತು. ಸಾಮಾನ್ಯ ಜೆಲ್ ಪ್ಯಾಕ್‌ನ ಒಳಗಿರುವುದು ಬಹುಪಾಲು ನೀರೇ. ಸೋರುವುದಿಲ್ಲ, ಒದ್ದೆ ಮಾಡುವುದಿಲ್ಲ, ಅದು ನಿಜವಾದ ಲಾಭ. ನೀರಿನ ಐಸ್‌ಗಿಂತ ಜಾಸ್ತಿ ತಂಪು ತುಂಬಿಕೊಂಡಿದೆ ಎಂದು ಮಾತ್ರ ಭಾವಿಸಬೇಡಿ.

15. ಎಎನ್‌ಎಂ ಸಿಸ್ಟರ್ ಹತ್ತಿರ ಪಾಠ ಕಲಿಯಿರಿ

ಈ ವಿದ್ಯೆಯಲ್ಲಿ ಪಳಗಿದವರು ಯಾರು ಗೊತ್ತೇ? ಲಸಿಕೆ ಕ್ಯಾರಿಯರ್ ಹೆಗಲಿಗೇರಿಸಿ ಹಳ್ಳಿ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತೆಯರು. ಆ ಪುಟ್ಟ ಪೆಟ್ಟಿಗೆಯೊಳಗೆ ನಾಲ್ಕು ಕಡೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. ಒಳಗೆ 2ರಿಂದ 8 ಡಿಗ್ರಿ ಇರಲೇಬೇಕು. ವಿಶೇಷ ಇರುವುದು ಇಲ್ಲಿ: ಫ್ರೀಜರ್‌ನಿಂದ ತೆಗೆದ ಪ್ಯಾಕನ್ನು ಅವರು ನೇರ ಒಳಗಿಡುವುದಿಲ್ಲ. ಹೊರಗಿಟ್ಟು ಕಾಯುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಇಡುವುದು. ಏಕೆಂದರೆ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ನಂಥ ಲಸಿಕೆಗಳು ಹೆಪ್ಪುಗಟ್ಟಿದರೆ ಹಾಳಾಗುತ್ತವೆ. ಬಿಸಿಯಿಂದ ಕಾಪಾಡುವ ಭರದಲ್ಲಿ ಚಳಿಗೆ ಕೊಲ್ಲಬಾರದಲ್ಲ!

ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಪಾಠ ನಾಳೆಯೇ ಉಪಯೋಗಕ್ಕೆ ಬರುತ್ತದೆ. ಪ್ರವಾಸಕ್ಕೆ ಹೊರಟಾಗ ಇನ್ಸುಲಿನ್ ಬಾಟಲಿಯನ್ನು ಐಸ್‌ಗೆ ತಾಗಿಸಿ ಇಡಬೇಡಿ. ಟವೆಲ್ ಸುತ್ತಿ, ಡಬ್ಬಿಯೊಳಗೆ ಹಾಕಿ, ಐಸ್‌ನಿಂದ ದೂರ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಬಳಸುವಂತಿಲ್ಲ.

16. ಹೊರಡುವ ಮುನ್ನ ಬಜೆಟ್ ಬರೆಯಿರಿ

ಈಗ ನಿಮ್ಮ ಕೈಯಲ್ಲಿ ಎಲ್ಲ ಅಂಕಿಗಳೂ ಇವೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ಬೆಳಗ್ಗೆ ಆರಕ್ಕೆ ಹೊರಟು ಚಿಕ್ಕಮಗಳೂರು ಸೇರಿ ಸಂಜೆ ಆರರವರೆಗೆ ಐಸ್ ಬೇಕು. 12 ಗಂಟೆ. 3 ಸೆಂ.ಮೀ. ಥರ್ಮಾಕೋಲ್ ಬಾಕ್ಸ್, ಗೋಡೆ ನುಂಗುವುದು 4.5 ಕೆ.ಜಿ. ಫ್ರಿಜ್‌ನಲ್ಲಿಟ್ಟ ಹತ್ತು ಬಾಟಲಿಗೆ ಮುಕ್ಕಾಲು ಕೆ.ಜಿ. ಐವತ್ತು ಸಲ ಮುಚ್ಚಳ ತೆರೆದರೆ ಅರ್ಧ ಕೆ.ಜಿ., ಮಾತಾಡುತ್ತಾ ನಿಲ್ಲುವವರ ಪಾಲಿಗೆ ಇನ್ನರ್ಧ ಸೇರಿಸಿ. ಒಟ್ಟು ಆರೂಕಾಲು ಕೆ.ಜಿ. ದಾರಿಯ ಟ್ರಾಫಿಕ್‌ಗೆ ಒಂದಿಷ್ಟು ಮೀಸಲಿಟ್ಟು 8 ಕೆ.ಜಿ. ಒಯ್ಯಿರಿ, ಅಂದರೆ ನಾಲ್ಕು ದೊಡ್ಡ ಬಾಟಲಿ. ಅದೇ ಹತ್ತು ಬಾಟಲಿ ಬೆಚ್ಚಗಿದ್ದಿದ್ದರೆ 11 ಕೆ.ಜಿ. ಹೊರಬೇಕಿತ್ತು.

ಮನೆಗೆ ಬಂದ ಮೇಲೆ ಉಳಿದ ಐಸನ್ನು ತಕ್ಕಡಿಯಲ್ಲಿ ತೂಗಿ, ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಅಂದಾಜಿಗಿಂತ ಕಡಿಮೆ ಉಳಿದಿದ್ದರೆ ಎಲ್ಲಿ ಸೋರಿತು ಎಂದು ಹುಡುಕಿ: ನೋಟಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಬಾಕ್ಸ್ ಎಷ್ಟು ಹೊತ್ತು ಬಿಸಿಲಲ್ಲಿತ್ತು ಎಂದು ನೆನಪಿಸಿಕೊಳ್ಳಿ. ಎರಡು ಮೂರು ಔಟಿಂಗ್ ಆಗುವುದರೊಳಗೆ ನಿಮ್ಮ ಬಾಕ್ಸ್‌ನ ನಿಜವಾದ ಅಂಕಿ ನಿಮ್ಮ ಕೈಗೆ ಸಿಕ್ಕಿರುತ್ತದೆ, ಕಂಪನಿಯವರು ಸ್ಟಿಕ್ಕರ್ ಮೇಲೆ ಏನೇ ಬರೆದಿರಲಿ. ಬಾಕ್ಸನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ. ನೆರಳಲ್ಲಿ ಪೂರ್ತಿ ಒಣಗಿಸಿ. ಅಟ್ಟಕ್ಕೇರಿಸುವಾಗ ಮುಚ್ಚಳವನ್ನು ಸ್ವಲ್ಪ ತೆರೆದೇ ಇಡಿ, ಇಲ್ಲವಾದರೆ ಮುಂದಿನ ಸಲ ಮೀನಿನ ವಾಸನೆಯ ಮಜ್ಜಿಗೆ ಕುಡಿಯಬೇಕಾದೀತು.